ಅಂಗಳಕ್ಕೊಂದು ಕೆಂಪೆಲೆಯ ಮರ: ಮೇಪಲ್ ಎಲ್ಲಿ ಬೆಳೆದೀತು, ಎಲ್ಲಿ ಬೇಡ?



ಅಕ್ಟೋಬರ್ ಬಂತೆಂದರೆ ಟೊರಾಂಟೊ, ಬಾಸ್ಟನ್, ಚಿಕಾಗೊ ಕಡೆ ಇರುವ ಮಕ್ಕಳು, ಅಳಿಯಂದಿರು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸುವ ಚಿತ್ರಗಳಲ್ಲಿ ಒಂದು ಮರ ತಪ್ಪದೆ ಇರುತ್ತದೆ. ಮೈಯೆಲ್ಲ ಕೆಂಪು, ಕಿತ್ತಳೆ, ಹಳದಿ ಎಲೆ ಹೊತ್ತು ನಿಂತ ಮೇಪಲ್ ಮರ. ಅದನ್ನು ನೋಡಿದವರಿಗೆ ನಮ್ಮ ಅಂಗಳದಲ್ಲೂ ಇಂಥದೊಂದು ಇದ್ದರೆ ಚೆನ್ನಾಗಿತ್ತು ಎನ್ನಿಸುವುದು ಸಹಜ. ಆನ್‌ಲೈನ್ ಅಂಗಡಿಗಳು ಈ ಆಸೆಯನ್ನು ಚೆನ್ನಾಗಿ ಬಲ್ಲವು. ‘ಮೇಪಲ್ ಬೀಜ’ ಎಂದು ಹುಡುಕಿದರೆ ಸಾಲುಸಾಲು ಪೊಟ್ಟಣಗಳು ಬರುತ್ತವೆ. ಹಣ ಕೊಟ್ಟು ತರಿಸಿ, ಮೊಳಕೆಯೇ ಬಾರದೆ, ಇಲ್ಲವೇ ಮೊದಲ ಬೇಸಿಗೆಯಲ್ಲೇ ಸಸಿ ಸುಟ್ಟುಹೋಗಿ ಕೈಚೆಲ್ಲಿದವರು ಎಲ್ಲ ಊರುಗಳಲ್ಲೂ ಇದ್ದಾರೆ.

ನಮ್ಮ ಸದಸ್ಯರು ಇರುವ ಊರುಗಳ ಹವೆ ಒಂದೇ ತೆರನಾಗಿಲ್ಲ. ಊಟಿಯಲ್ಲಿ ಡಿಸೆಂಬರ್ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಸೊಲ್ಲಾಪುರದಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಉತ್ತರವೂ ಊರಿಗೊಂದು. ಚುಟುಕಾಗಿ ಹೇಳುವುದಾದರೆ:

ನೀಲಗಿರಿಯ ಎತ್ತರದ ಊರುಗಳಾದ ಊಟಿ, ಕೂನೂರು, ಕೋಟಗಿರಿ ಸುತ್ತಮುತ್ತ ಮೇಪಲ್ ಬೆಳೆಸಬಹುದು. ಜಾತಿ ಆರಿಸುವಾಗ ಎಚ್ಚರ ಬೇಕು.

ಹೊಸೂರು, ತಾಳವಾಡಿ, ವಯನಾಡಿನಲ್ಲಿ ಕುಂಡದಲ್ಲಿ ಪ್ರಯೋಗ ಮಾಡಬಹುದು. ಚಿತ್ರದಲ್ಲಿ ಕಂಡ ಬಣ್ಣವನ್ನು ನಿರೀಕ್ಷಿಸಬಾರದು.

ಕಾಸರಗೋಡು, ಗೋವಾ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರಾ, ತೆಲಂಗಾಣದ ಪಶ್ಚಿಮ ಭಾಗದ ಸದಸ್ಯರು ಮೇಪಲ್‌ಗೆ ಹಣ ಹಾಕದಿರುವುದೇ ಲೇಸು. ಕೆಂಪೆಲೆಯ ಆಸೆ ತೀರಿಸುವ ಮರಗಳು ನಮ್ಮಲ್ಲೇ ಇವೆ. ಅವುಗಳ ವಿವರ ಕೊನೆಯ ಭಾಗದಲ್ಲಿದೆ.

ಮೇಪಲ್ ಎಂದರೆ ಯಾವ ಮರ?

ಮೇಪಲ್ ಒಂದೇ ಮರದ ಹೆಸರಲ್ಲ. ಸಸ್ಯಶಾಸ್ತ್ರದಲ್ಲಿ ‘ಏಸರ್’ ಎಂಬ ಕುಲಕ್ಕೆ ಸೇರಿದ ನೂರಕ್ಕೂ ಹೆಚ್ಚು ಜಾತಿಗಳಿಗೆ ಈ ಹೆಸರು ಸಲ್ಲುತ್ತದೆ. ಬಹುಪಾಲು ಜಾತಿಗಳು ಜಪಾನ್, ಕೊರಿಯಾ, ಚೀನಾ, ಯುರೋಪ್, ಉತ್ತರ ಅಮೆರಿಕಗಳ ಚಳಿ ನಾಡಿನವು. ಭಾರತದಲ್ಲಿ ಹಿಮಾಲಯದ ಇಳಿಜಾರುಗಳಲ್ಲಿ ಹಲವು ಜಾತಿಗಳು ತಾವಾಗಿಯೇ ಬೆಳೆಯುತ್ತವೆ.

ಕೆನಡಾದ ಬಾವುಟದ ಮೇಲಿರುವ 11 ಮೊನೆಯ ಕೆಂಪೆಲೆ ಮೇಪಲ್‌ನದು. ಆ ಬಾವುಟ ಬಳಕೆಗೆ ಬಂದದ್ದು 1965ರ ಫೆಬ್ರವರಿ 15ರಂದು. ಅಲ್ಲಿನ ಸಕ್ಕರೆ ಮೇಪಲ್ ದೊಡ್ಡ ಕಾಡುಮರ. ಅದರ ಕಾಂಡದಿಂದ ಇಳಿಸಿದ ಸುಮಾರು 40 ಲೀಟರ್ ರಸವನ್ನು ಕುದಿಸಿ ಬತ್ತಿಸಿದರೆ ಒಂದು ಲೀಟರ್ ಮೇಪಲ್ ಪಾಕ ಸಿಗುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವ ಬಿಸಿಲು ಎರಡೂ ಇದ್ದರಷ್ಟೇ ಆ ರಸ ಚೆನ್ನಾಗಿ ಇಳಿಯುತ್ತದೆ. ಮನೆಯಂಗಳಕ್ಕೆ ಹೊಂದುವುದು ಈ ದೊಡ್ಡ ಮರವಲ್ಲ, ಜಪಾನಿನ ಚಿಕ್ಕ ಮೇಪಲ್.

ಜಪಾನಿ ಮೇಪಲ್‌ಗೆ ಸಸ್ಯಶಾಸ್ತ್ರದ ಹೆಸರು ಏಸರ್ ಪಾಮೇಟಮ್. ಸ್ವೀಡನ್ನಿನ ವೈದ್ಯ, ಸಸ್ಯಶಾಸ್ತ್ರಜ್ಞ ಕಾರ್ಲ್ ಪೀಟರ್ ಥುನ್‌ಬರ್ಗ್ ಜಪಾನಿನಲ್ಲಿ ಇದನ್ನು ಕಂಡು, ಊರಿಗೆ ಮರಳಿದ ಮೇಲೆ 1784ರಲ್ಲಿ ಆ ಹೆಸರಿಟ್ಟ. ಎಲೆ ಅಂಗೈಯಂತೆ ಬಿಚ್ಚಿಕೊಂಡಿರುತ್ತದೆ, ಹೆಸರಿನ ಅರ್ಥವೂ ಅದೇ. ಜಪಾನೀಯರು ಮೇಪಲ್ ಅನ್ನು ‘ಕಾಯೆದೆ’ ಎನ್ನುತ್ತಾರೆ. ‘ಕಪ್ಪೆಯ ಕೈ’ ಎಂಬ ಮಾತಿನಿಂದ ಬಂದ ಹೆಸರದು. ಎಲೆಯ ಆಕಾರ ನೋಡಿದರೆ ಯಾಕೆಂದು ತಿಳಿಯುತ್ತದೆ.

ಎಲೆ ಹೋಲುತ್ತದೆ ಎಂದ ಮಾತ್ರಕ್ಕೆ ಎಲ್ಲವೂ ಮೇಪಲ್ ಆಗುವುದಿಲ್ಲ. ಕಾಶ್ಮೀರ ಪ್ರವಾಸದಲ್ಲಿ ಕಾಣುವ ಚಿನಾರ್ ಬೇರೆಯೇ ಕುಟುಂಬದ ಮರ. ಲಿಕ್ವಿಡಾಂಬರ್ ಎಂಬ ಇನ್ನೊಂದು ಮರದ ಎಲೆಯೂ ನಕ್ಷತ್ರದಂತೆ ಐದು ಮೊನೆ ಬಿಟ್ಟು ಕೆಂಪಾಗುತ್ತದೆ, ಅದನ್ನೂ ಜನ ಮೇಪಲ್ ಎಂದೇ ತಪ್ಪಾಗಿ ತಿಳಿಯುತ್ತಾರೆ. ಗುರುತು ಹಿಡಿಯಲು ಎರಡು ವಿಷಯ ನೋಡಿದರೆ ಸಾಕು. ಮೇಪಲ್‌ನ ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ, ಜೋಡಿಜೋಡಿಯಾಗಿ ಇರುತ್ತವೆ. ಚಿನಾರ್ ಮತ್ತು ಲಿಕ್ವಿಡಾಂಬರ್‌ಗಳಲ್ಲಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಹೀಗೆ ಹಿಂದೆಮುಂದೆ ಬರುತ್ತವೆ. ಎರಡನೆಯದು ಬೀಜ. ಮೇಪಲ್‌ಗೆ ಜೋಡಿ ರೆಕ್ಕೆಯ ಬೀಜ, ಮರದಿಂದ ಗಿರಗಿರನೆ ತಿರುಗುತ್ತ ಇಳಿಯುತ್ತದೆ. ಚಿನಾರ್, ಲಿಕ್ವಿಡಾಂಬರ್ ಎರಡರಲ್ಲೂ ಗುಂಡನೆಯ ಕಾಯಿ ಜೋತುಬೀಳುತ್ತದೆ.

ಎಲೆ ಕೆಂಪಾಗುವುದು ಹೇಗೆ?

ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಚಳಿ ನಾಡಿನಲ್ಲಿ ಶರತ್ಕಾಲ ಬಂದಂತೆ ಹಗಲು ಕಿರಿದಾಗುತ್ತದೆ, ರಾತ್ರಿ ತಂಪಾಗುತ್ತದೆ. ಮುಂದೆ ಬರುವ ಚಳಿಗೆ ಎಲೆ ಉಳಿಯದು ಎಂಬ ಸೂಚನೆ ಮರಕ್ಕೆ ಸಿಗುವುದು ಇದರಿಂದ. ಮರ ಪತ್ರಹರಿತ್ತನ್ನು ಒಡೆದು, ಅದರಲ್ಲಿದ್ದ ಸಾರವನ್ನು ಕೊಂಬೆಗೆ ಹಿಂತೆಗೆದುಕೊಳ್ಳುತ್ತದೆ. ಹಸಿರು ಸರಿದಾಗ ಮೊದಲಿನಿಂದಲೂ ಎಲೆಯಲ್ಲೇ ಇದ್ದ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಕೆಂಪಿನ ಕಥೆ ಬೇರೆ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಂಥೊಸಯನಿನ್ ಎಂಬ ಕೆಂಪು ವಸ್ತು ಆಗ ಹೊಸದಾಗಿ ತಯಾರಾಗುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದರೆ ಕೆಂಪು ಗಾಢವಾಗುತ್ತದೆ.

ಇಲ್ಲಿ ಎರಡು ಬೇಡಿಕೆಗಳಿವೆ: ಹಗಲಿನ ಉದ್ದ ಬದಲಾಗಬೇಕು, ರಾತ್ರಿ ತಣ್ಣಗಾಗಬೇಕು. ಟೊರಾಂಟೊದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು 15 ಗಂಟೆಗೂ ಹೆಚ್ಚು, ಡಿಸೆಂಬರಿನ ಅತಿ ಕಿರಿದು 9 ಗಂಟೆಗೂ ಕಡಿಮೆ. ಊಟಿಯಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಸುಮಾರು ಒಂದೂಕಾಲು ಗಂಟೆ ಮಾತ್ರ. ಆದ್ದರಿಂದ ನೀಲಗಿರಿಯಲ್ಲೂ ಮೇಪಲ್ ಒಂದೇ ವಾರದಲ್ಲಿ ಮೈಯೆಲ್ಲ ಹೊತ್ತಿಕೊಂಡಂತೆ ಕೆಂಪಾಗುವುದಿಲ್ಲ. ಬಣ್ಣ ನಿಧಾನವಾಗಿ, ಕೊಂಬೆ ಕೊಂಬೆಯಾಗಿ ಬರುತ್ತದೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು ಇರುವುದೂ ಉಂಟು.

ಎಲೆ ಉದುರಿದ ಮೇಲೆ ಮೇಪಲ್‌ಗೆ ನಿದ್ರೆ ಬೇಕು. ಸುಮಾರು 7 ಡಿಗ್ರಿಗಿಂತ ತಣ್ಣಗಿನ ಗಂಟೆಗಳು ಸಾಕಷ್ಟು ಸಿಕ್ಕರೆ ಮಾತ್ರ ಅದು ಮುಂದಿನ ವರ್ಷ ಬಲವಾಗಿ ಚಿಗುರುತ್ತದೆ. ಸೇಬಿಗೂ ಇದೇ ಅಗತ್ಯವಿದೆ. ಬೆಚ್ಚಗಿನ ಊರಿನಲ್ಲಿ ನೆಟ್ಟ ಮೇಪಲ್ ಮೊದಲ ವರ್ಷ ಚೆನ್ನಾಗಿಯೇ ಕಂಡು, ಎರಡನೆಯ ವರ್ಷ ಸೊರಗಿ, ಮೂರನೆಯ ವರ್ಷ ತುದಿಯಿಂದ ಒಣಗುತ್ತ ಬಂದರೆ ನೀರು ಗೊಬ್ಬರದ ಕೊರತೆ ಎಂದೇ ತಿಳಿಯಬೇಡಿ. ನಿದ್ರೆಗೆಟ್ಟ ಮರವೂ ಹಾಗೆಯೇ ಸೊರಗುತ್ತದೆ.

ನಿಮ್ಮ ಊರಿಗೆ ಹೊಂದೀತೇ?

ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಕೂನೂರು ಸುಮಾರು 1,850, ಕೋಟಗಿರಿ ಸುಮಾರು 1,790. ಚಳಿ ನಾಡಿನ ಗಿಡಗಳನ್ನು ಇಲ್ಲಿ ಬೆಳೆಸುವ ಪ್ರಯತ್ನ ಹೊಸದಲ್ಲ. ಊಟಿಯ ಸಸ್ಯೋದ್ಯಾನ 1848ರಷ್ಟು ಹಳೆಯದು, ಕೂನೂರಿನ ಸಿಮ್ಸ್ ಪಾರ್ಕ್ 1874ರದು. ಚಹಾ ಬೆಳೆಯುವ ನೀಲಗಿರಿಯ ಹುಳಿಮಣ್ಣು ಮೇಪಲ್‌ಗೂ ಇಷ್ಟ. ಒಂದು ಸುಲಭದ ಅಂದಾಜು ಹೀಗೆ: ನಿಮ್ಮ ಬೀದಿಯಲ್ಲಿ ಪೀಚ್, ಪ್ಲಮ್, ಪೇರ್ ಹಣ್ಣಿನ ಮರಗಳು ಎಲೆ ಉದುರಿಸಿ, ಹೂಬಿಟ್ಟು, ಕಾಯಿ ಕಚ್ಚುತ್ತಿದ್ದರೆ ಮೇಪಲ್ ಪ್ರಯತ್ನಿಸಬಹುದು. ಗೂಡಲೂರಿನ ಕಡೆಗೆ ಇಳಿದಂತೆ ಈ ಅನುಕೂಲ ಕಡಿಮೆಯಾಗುತ್ತ ಹೋಗುತ್ತದೆ.

ಹೊಸೂರು, ತಾಳವಾಡಿ, ಸುಲ್ತಾನ್ ಬತ್ತೇರಿ, ಮಾನಂದವಾಡಿಗಳಲ್ಲಿ ಜನವರಿ ಬೆಳಿಗ್ಗೆ ಶಾಲು ಹೊದೆಯುವಷ್ಟು ಚಳಿ ಇರುತ್ತದೆ. ಆದರೆ 7 ಡಿಗ್ರಿಗಿಂತ ಕೆಳಗಿನ ಗಂಟೆಗಳು ಮೇಪಲ್‌ಗೆ ಬೇಕಾದಷ್ಟು ಸಿಗುವುದಿಲ್ಲ. ಕುಂಡದಲ್ಲಿ, ಬೋನ್ಸಾಯ್ ಆಗಿ ಬೆಳೆಸುವ ಆಸಕ್ತರು ಪ್ರಯತ್ನಿಸಬಹುದು. ನೆಲದಲ್ಲಿ ನೆಟ್ಟು ಮನೆಯ ಮುಂದಿನ ಮುಖ್ಯ ಮರವಾಗಿ ನೆಚ್ಚಿಕೊಳ್ಳುವುದು ಬೇಡ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಪ್ಪುಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಅಲ್ಲಿ ಮೇಪಲ್‌ನ ಬೇರಿಗೆ ಕಬ್ಬಿಣದಂಶ ದಕ್ಕದೆ ಎಲೆ ಬೆಳ್ಳಗಾಗುತ್ತದೆ. ಬೇಸಿಗೆಯ ಒಣಗಾಳಿ ತೆಳುವಾದ ಎಲೆಯನ್ನು ಅಂಚಿನಿಂದ ಸುಡುತ್ತದೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ಮಳೆಯೂ ಕಡಿಮೆ, ಬೋರ್‌ವೆಲ್ ನೀರು ಗಡಸು. ಕಾಸರಗೋಡು ಮತ್ತು ಗೋವಾದಲ್ಲಿ ಮಣ್ಣು ಹುಳಿಯೇ, ಮಳೆಯೂ ಧಾರಾಳ. ಆದರೆ ವರ್ಷವಿಡೀ ಸೆಕೆ ಇರುವುದರಿಂದ ಮರಕ್ಕೆ ನಿದ್ರೆಯೇ ಬರುವುದಿಲ್ಲ.

ನೀಲಗಿರಿಗೆ ಯಾವ ಮೇಪಲ್?

ಜಪಾನಿ ಮೇಪಲ್‌ನಲ್ಲಿ ನೂರಾರು ತಳಿಗಳಿವೆ. ಹೊಸಬರು ಇವುಗಳಿಂದ ಆರಂಭಿಸಬಹುದು:

ಹಸಿರೆಲೆಯ ಸಾಮಾನ್ಯ ಜಪಾನಿ ಮೇಪಲ್. ಬೀಜದಿಂದ ಬಂದ ಸಸಿ, ಎಲ್ಲಕ್ಕಿಂತ ಗಟ್ಟಿ. ನಿಧಾನವಾಗಿ 15ರಿಂದ 20 ಅಡಿವರೆಗೆ ಬೆಳೆಯುತ್ತದೆ.

‘ಬ್ಲಡ್‌ಗುಡ್’. ಚಿಗುರಿನಿಂದಲೇ ಎಲೆ ಕಡುಗೆಂಪು. ಶರತ್ಕಾಲದ ಬಣ್ಣಕ್ಕೆ ಕಾಯಬೇಕಾಗಿಲ್ಲದ ಕಾರಣ ನಮ್ಮ ಹವೆಗೆ ಇದು ಜಾಣ ಆಯ್ಕೆ. ಪೂರ್ತಿ ನೆರಳಲ್ಲಿಟ್ಟರೆ ಕೆಂಪು ಮಾಸಿ ಹಸಿರಿಗೆ ತಿರುಗುತ್ತದೆ, ಬೆಳಗಿನ ಬಿಸಿಲು ಬೇಕು.

‘ಸಾಂಗೊ ಕಾಕು’. ಎಲೆ ಉದುರಿದ ಮೇಲೆ ಎಳೆ ಕೊಂಬೆಗಳು ಹವಳದ ಬಣ್ಣದಲ್ಲಿ ಹೊಳೆಯುತ್ತವೆ.

‘ಡಿಸೆಕ್ಟಮ್’ ಗುಂಪು. ಎಲೆ ಕಸೂತಿಯಂತೆ ನುಣ್ಣಗೆ ಸೀಳಿರುತ್ತದೆ, ಗಿಡ ಕೊಡೆಯಂತೆ ಬಾಗಿ ಆರೆಂಟು ಅಡಿಯಲ್ಲೇ ನಿಲ್ಲುತ್ತದೆ. ನೋಡಲು ಬಲು ಚೆಂದ, ಬಿಸಿಲು ಗಾಳಿಗೆ ಬಲು ಸೂಕ್ಷ್ಮ.

ಕೂನೂರು, ಕೋಟಗಿರಿಗಿಂತ ಕೆಳಗಿನ, ತುಸು ಬೆಚ್ಚಗಿನ ಜಾಗದವರಿಗೆ ‘ಟ್ರೈಡೆಂಟ್ ಮೇಪಲ್’ ವಾಸಿ. ಚೀನಾ ಮೂಲದ ಈ ಮರದ ಎಲೆಗೆ ಮೂರೇ ಮೊನೆ. ಜಪಾನಿ ಮೇಪಲ್‌ಗಿಂತ ಹೆಚ್ಚು ಸೆಕೆ, ಹೆಚ್ಚು ಒಣಹವೆ ತಾಳುತ್ತದೆ. ಬೋನ್ಸಾಯ್ ಮಾಡುವವರ ಮೆಚ್ಚಿನ ಮರವೂ ಹೌದು. ಹಿಮಾಲಯದ ತಪ್ಪಲಿನ ‘ಏಸರ್ ಆಬ್ಲಾಂಗಮ್’ ಕೂಡ ಸೆಕೆ ತಾಳುತ್ತದೆ. ಆದರೆ ಅದರ ಎಲೆಗೆ ಮೊನೆಗಳಿಲ್ಲ, ಬಹುಮಟ್ಟಿಗೆ ಹಸಿರಾಗಿಯೇ ಇರುತ್ತದೆ. ಮೇಪಲ್ ಎಂದರೆ ಬಣ್ಣ ಎನ್ನುವವರಿಗೆ ಅದು ಹಿಡಿಸಲಾರದು.

ಕೊಳ್ಳುವಾಗ ಎಚ್ಚರ

ಹೆಸರಿರುವ ತಳಿಗಳೆಲ್ಲ ಕಸಿ ಗಿಡಗಳು. ‘ಬ್ಲಡ್‌ಗುಡ್’ನ ಬೀಜ ಬಿತ್ತಿದರೆ ‘ಬ್ಲಡ್‌ಗುಡ್’ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ನರ್ಸರಿಯಲ್ಲಿ ಬುಡದ ಬಳಿಯ ಕಸಿ ಗಂಟನ್ನು ತೋರಿಸುವಂತೆ ಕೇಳಿ. ಗಂಟು ಚೆನ್ನಾಗಿ ಬೆಸೆದಿರಬೇಕು, ಅದರ ಕೆಳಗಿನಿಂದ ಚಿಗುರು ಬಂದಿರಬಾರದು. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿರುವ ಹಳೆಯ ಗಿಡ ಬೇಡ.

ಆನ್‌ಲೈನ್‌ನಲ್ಲಿ ‘ನೀಲಿ ಮೇಪಲ್’, ‘ಏಳು ಬಣ್ಣದ ಮೇಪಲ್’ ಎಂದು ಬೀಜ ಮಾರುವವರಿದ್ದಾರೆ. ನೀಲಿ ಎಲೆಯ ಮೇಪಲ್ ಜಗತ್ತಿನಲ್ಲೇ ಇಲ್ಲ, ಚಿತ್ರಕ್ಕೆ ಬಣ್ಣ ತುಂಬಿದ್ದು ಕಂಪ್ಯೂಟರ್. ನಿಜವಾದ ಮೇಪಲ್ ಬೀಜವೇ ಬಂದರೂ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಒಣಗಿದ ಬೀಜ ಸುಲಭವಾಗಿ ಮೊಳೆಯುವುದಿಲ್ಲ. ಅದನ್ನು ಒಂದು ರಾತ್ರಿ ಬೆಚ್ಚನೆಯ ನೀರಿನಲ್ಲಿ ನೆನೆಸಿ, ತೇವದ ಮರಳಿನೊಂದಿಗೆ ಬೆರೆಸಿ, ಫ್ರಿಜ್ಜಿನ ಕೆಳಭಾಗದಲ್ಲಿ ಮೂರರಿಂದ ನಾಲ್ಕು ತಿಂಗಳು ಇಡಬೇಕು. ಆ ಕೃತಕ ಚಳಿಗಾಲ ಕಳೆದ ಮೇಲೆ ಬಿತ್ತಿದರೆ ಕೆಲವು ಮೊಳೆಯಬಹುದು. ಇದನ್ನು ಹೇಳದೆ ‘ಕುಂಡದಲ್ಲಿ ಹಾಕಿ ನೀರು ಹಾಯಿಸಿ’ ಎನ್ನುವವರಿಂದ ಕೊಳ್ಳಬೇಡಿ.

ಇನ್ನೊಂದು ಮುಖ್ಯ ಮಾತು. ವಿದೇಶದಿಂದ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ನಾಲ್ಕು ಬೀಜ, ಒಂದು ಕಡ್ಡಿ ತರಿಸುವ ಯೋಚನೆ ಬೇಡ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜವನ್ನಾಗಲಿ ಗಿಡವನ್ನಾಗಲಿ ದೇಶದೊಳಗೆ ತರುವಂತಿಲ್ಲ. ಮಣ್ಣಿನೊಂದಿಗೆ, ಬೇರಿನೊಂದಿಗೆ ಬರುವ ರೋಗ ಒಬ್ಬರ ಅಂಗಳದಲ್ಲೇ ನಿಲ್ಲುವುದಿಲ್ಲ ಎಂಬುದೇ ಈ ಬಿಗಿಗೆ ಕಾರಣ.

ನೆಡುವುದು, ಸಾಕುವುದು

ಕಾಲ: ಚೀಲದಲ್ಲಿ ಬೆಳೆದ ಗಿಡವಾದರೆ ಊಟಿಯ ಕಡೆ ಜೂನ್ ಮೊದಲ ಮಳೆಗೆ, ಹಿಂಗಾರು ಮಳೆ ಚೆನ್ನಾಗಿ ಬೀಳುವ ಕೂನೂರು, ಕೋಟಗಿರಿಗಳಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನೆಡಬಹುದು.

ಜಾಗ: ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಕಡೆ ಒಳ್ಳೆಯದು. ಮನೆಯ ಪೂರ್ವದ ಗೋಡೆಯ ಬದಿ ಸಾಮಾನ್ಯವಾಗಿ ಹೊಂದುತ್ತದೆ. ಗಾಳಿ ನೇರವಾಗಿ ಬಡಿಯುವ ಗುಡ್ಡದ ನೆತ್ತಿ ಬೇಡ. ತಗ್ಗಿನ ಹಳ್ಳವೂ ಬೇಡ. ತಣ್ಣನೆಯ ಗಾಳಿ ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಊಟಿಯವರು ಉರೈಪನಿ ಎನ್ನುವ ಹೆಪ್ಪುಗಟ್ಟಿದ ಇಬ್ಬನಿ ಅಲ್ಲೇ ಹೆಚ್ಚು. ಎಲೆ ಉದುರಿಸಿ ಮಲಗಿದ ಮೇಪಲ್‌ಗೆ ಅದರಿಂದ ತೊಂದರೆಯಿಲ್ಲ. ಹಗಲಿನ ಬೆಚ್ಚಗಿನ ಬಿಸಿಲಿಗೆ ಮೋಸಹೋಗಿ ಬೇಗ ಚಿಗುರಿದ ಎಳೆ ಎಲೆಗಳು ಮಾತ್ರ ಒಂದೇ ರಾತ್ರಿಯಲ್ಲಿ ಕರಕಲಾಗುತ್ತವೆ. ಅಂಥ ರಾತ್ರಿಗಳಲ್ಲಿ ಚಿಕ್ಕ ಗಿಡಕ್ಕೆ ಹಳೆಯ ಬಟ್ಟೆ ಅಥವಾ ಗೋಣಿತಾಟು ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ಗುಂಡಿ: ಬೇರಿನ ಮುದ್ದೆಗಿಂತ ಎರಡು ಪಟ್ಟು ಅಗಲ, ಅದರಷ್ಟೇ ಆಳ. ಮೇಪಲ್‌ನ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಆಳವಾಗಿ ಹೂತರೆ ಉಸಿರುಗಟ್ಟುತ್ತದೆ. ಕಸಿ ಗಂಟು ಮಣ್ಣಿನ ಮೇಲೆಯೇ ಇರಬೇಕು. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ ತುಂಬಿ. ಹಸಿ ಸಗಣಿ, ಬೂದಿ, ಸುಣ್ಣ ಹಾಕಬೇಡಿ. ನೀರು ನಿಲ್ಲುವ ಜೇಡಿ ಜಾಗವಾದರೆ ನೆಲದಿಂದ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ.

ನೀರು ಮತ್ತು ಹೊದಿಕೆ: ಮೊದಲ ಎರಡು ಬೇಸಿಗೆ ವಾರಕ್ಕೆರಡು ಬಾರಿ ಬುಡ ತೋಯುವಂತೆ ನೀರು ಕೊಡಿ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದರಿಂದ ಪ್ರಯೋಜನವಿಲ್ಲ. ಬುಡದ ಸುತ್ತ ಎರಡು ಮೂರು ಅಂಗುಲ ದಪ್ಪ ಒಣ ಎಲೆ ಹರಡಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಯೂರಿಯಾದಂಥ ಗೊಬ್ಬರ ಬೇಡ, ಅದರಿಂದ ಬರುವ ಉದ್ದನೆಯ ಮೆತ್ತನೆಯ ಚಿಗುರು ಬಿಸಿಲಿಗೂ ಹೇನಿಗೂ ಬೇಗ ಬಲಿಯಾಗುತ್ತದೆ.

ಸವರುವುದು: ಎಲೆ ಉದುರಿ ಮರ ಮಲಗಿರುವಾಗ, ಚಿಗುರು ಉಬ್ಬುವ ಮೊದಲೇ ಸವರಿ. ಚಿಗುರುವ ಹೊತ್ತಿನಲ್ಲಿ ಕೊಯ್ದರೆ ಗಾಯದಿಂದ ರಸ ಸೋರುತ್ತಲೇ ಇರುತ್ತದೆ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದರೆ ಸಾಕು. ಕಸಿ ಗಂಟಿನ ಕೆಳಗೆ ಬಂದ ಚಿಗುರನ್ನು ಮಾತ್ರ ಕಂಡ ಕೂಡಲೇ ಕೀಳಿ. ಬಿಟ್ಟರೆ ಅದು ಮೇಲಿನ ತಳಿಯನ್ನೇ ನುಂಗಿ, ಕೆಂಪು ಗಿಡ ಹಸಿರಾಗಿಬಿಟ್ಟಿತು ಎನ್ನುವಂತಾಗುತ್ತದೆ.

ಕುಂಡದಲ್ಲಿ: ಹದಿನೈದು ಹದಿನೆಂಟು ಅಂಗುಲದ ಮಣ್ಣಿನ ಕುಂಡ ಒಳ್ಳೆಯದು. ಎರಡು ಮೂರು ವರ್ಷಕ್ಕೊಮ್ಮೆ ಮಲಗಿರುವ ಕಾಲದಲ್ಲಿ ಗಿಡವನ್ನು ಹೊರತೆಗೆದು, ಹೊರಸುತ್ತಿನ ಬೇರು ಸವರಿ, ಹೊಸ ಮಣ್ಣು ತುಂಬಿ. ನಲ್ಲಿ ನೀರು ಗಡಸಾಗಿದ್ದರೆ ಹಿಡಿದಿಟ್ಟ ಮಳೆನೀರು ಬಳಸಿ.

ರೋಗ: ಎಲೆಯ ಅಂಚು ಒಣಗಿದರೆ ಬಹುತೇಕ ಕಾರಣ ಬಿಸಿಲು, ಒಣಗಾಳಿ ಅಥವಾ ಗಡಸು ನೀರು. ಜಾಗ ಬದಲಿಸಿ ನೋಡಿ, ಔಷಧಿ ಹೊಡೆಯಬೇಡಿ. ಗಿಡದ ಒಂದು ಕೊಂಬೆ ಮಾತ್ರ ಇದ್ದಕ್ಕಿದ್ದಂತೆ ಬಾಡಿ, ಕೊಯ್ದು ನೋಡಿದಾಗ ಒಳಗಿನ ಮರದಲ್ಲಿ ಕಪ್ಪು ಗೆರೆಗಳಿದ್ದರೆ ಅದು ವರ್ಟಿಸಿಲಿಯಮ್ ಎಂಬ ಶಿಲೀಂಧ್ರದ ಸೊರಗು ರೋಗವಿರಬಹುದು. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಲೂಗಡ್ಡೆ, ಟೊಮೇಟೊ, ಬದನೆಗೂ ತಗಲುವ ರೋಗವಾದ್ದರಿಂದ ಹಳೆಯ ಆಲೂಗಡ್ಡೆ ಪಾತಿಯಲ್ಲಿ ಮೇಪಲ್ ನೆಡದಿರುವುದು ಕ್ಷೇಮ. ಬಾಡಿದ ಕೊಂಬೆಯನ್ನು ಕಡಿದು ಸುಡಿ.

ನೀಲಗಿರಿಯ ಸದಸ್ಯರಲ್ಲಿ ಒಂದು ವಿನಂತಿ. ಮೇಪಲ್ ಅಂಗಳದಲ್ಲಿರಲಿ, ಶೋಲೆ ಕಾಡಿನ ಅಂಚಿಗೆ, ಹುಲ್ಲುಗಾವಲಿಗೆ ಒಯ್ಯಬೇಡಿ. ಅಂದಕ್ಕೆಂದು ತಂದ ಲಂಟಾನಾ ಇಂದು ಕಾಡನ್ನೇ ಆವರಿಸಿದೆ. ಆ ಹುಲ್ಲುಗಾವಲಿಗೆ ತನ್ನದೇ ಕೆಂಪು ಮರವಿದೆ: ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್. ತಮಿಳಿನಲ್ಲಿ ಕಾಟ್ಟುಪೂವರಸು.

ಉಳಿದ ಊರುಗಳಿಗೆ: ನಮ್ಮ ಕೆಂಪೆಲೆಗಳು

ಚಳಿ ನಾಡಿನಲ್ಲಿ ಹಣ್ಣೆಲೆ ಕೆಂಪಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಚಿಗುರೆಲೆ ಕೆಂಪಾಗುತ್ತದೆ. ಎರಡಕ್ಕೂ ಕಾರಣ ಅದೇ ಆಂಥೊಸಯನಿನ್. ಎಳೆ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿಕೊಳ್ಳದಿರುವಾಗ ಈ ಕೆಂಪು ಅದನ್ನು ಸುಡುಬಿಸಿಲಿನಿಂದ ಕಾಯುತ್ತದೆ ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ. ಆದ್ದರಿಂದ ನಮ್ಮ ಬಣ್ಣದ ಹಬ್ಬ ಅಕ್ಟೋಬರಿನಲ್ಲಲ್ಲ, ಯುಗಾದಿಯ ಆಸುಪಾಸಿನಲ್ಲಿ. ಗಡಿಯಾಚೆ ನರ್ಸರಿಗೆ ಹೋದಾಗ ಕನ್ನಡದ ಹೆಸರು ಹೇಳಿದರೆ ಗೊತ್ತಾಗದಿರಬಹುದು. ಅದಕ್ಕಾಗಿ ನೆರೆಭಾಷೆಯ ಹೆಸರುಗಳನ್ನೂ ಕೊಟ್ಟಿದೆ.

ಸಾಗಡೆ: ಮಲಯಾಳದಲ್ಲಿ ಪೂವಂ, ಮರಾಠಿಯಲ್ಲಿ ಕುಸುಂ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಇಡೀ ಮರ ಕಡುಗೆಂಪು ಚಿಗುರು ಹೊತ್ತು ನಿಂತಾಗ ದೂರದಿಂದ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಮೇಪಲ್‌ನ ಚಿತ್ರದ ಪಕ್ಕದಲ್ಲಿಡಬಹುದಾದ ಮರ ನಮ್ಮಲ್ಲಿ ಇದೇ. ನಿಧಾನವಾಗಿ ಬೆಳೆದು ದೊಡ್ಡದಾಗುವುದರಿಂದ ಚಿಕ್ಕ ಸೈಟಿಗೆ ಬೇಡ. ತಾಳವಾಡಿ, ಹೊಸೂರು, ವಯನಾಡು, ಕಾಸರಗೋಡಿನ ಶಾಲೆಯ ಬಯಲು, ದೇವಸ್ಥಾನದ ಆವರಣ, ತೋಟದ ಬದುಗಳಿಗೆ ಹೊಂದುತ್ತದೆ.

ಕಾಡುಬಾದಾಮಿ: ತೆಲುಗು, ತಮಿಳಿನಲ್ಲಿ ಬಾದಂ ಎಂದರೂ ತಿಳಿಯುತ್ತದೆ. ನಮ್ಮ ಪೈಕಿ ಹಣ್ಣೆಲೆ ಕೆಂಪಾಗುವ ಮರ ಇದು, ಉದುರುವ ಮೊದಲು ಎಲೆ ಮೇಪಲ್‌ನಂತೆಯೇ ಕೆಂಪು, ಹಳದಿ. ಉಪ್ಪುಗಾಳಿ ತಾಳುವುದರಿಂದ ಕಾಸರಗೋಡು, ಗೋವಾದ ಕರಾವಳಿಗೆ ಹೇಳಿ ಮಾಡಿಸಿದ್ದು. ಎಲೆ ದೊಡ್ಡದು, ಗುಡಿಸುವ ಕೆಲಸ ಇದ್ದೇ ಇದೆ.

ಹೊಳೆದಾಸವಾಳ: ಮಲಯಾಳದಲ್ಲಿ ಮಣಿಮರುತ್, ಮರಾಠಿಯಲ್ಲಿ ತಾಮ್ಹಣ. ಮಹಾರಾಷ್ಟ್ರದ ರಾಜ್ಯಪುಷ್ಪ. ಬೇಸಿಗೆಯಲ್ಲಿ ನೇರಳೆ ಹೂ, ಉದುರುವ ಮುನ್ನ ತಾಮ್ರದ ಬಣ್ಣದ ಎಲೆ. ನೀರು ಸಾಕಷ್ಟಿರುವ ಕಾಸರಗೋಡು, ವಯನಾಡು, ಗೋವಾಕ್ಕೆ ಒಳ್ಳೆಯದು.

ಹೊಂಗೆ: ತೆಲುಗಿನಲ್ಲಿ ಕಾನುಗ, ಮರಾಠಿಯಲ್ಲಿ ಕರಂಜ, ತಮಿಳಿನಲ್ಲಿ ಪುಂಗನ್. ಬೇಸಿಗೆಗೆ ಮುನ್ನ ಎಲೆ ಉದುರಿಸಿ, ಎಳೆಗೆಂಪಾಗಿ ಚಿಗುರಿ, ಬಿಸಿಲು ಏರುವ ಹೊತ್ತಿಗೆ ಹೊಳೆವ ಹಸಿರು ನೆರಳು ಕೊಡುತ್ತದೆ. ಆದೋನಿ, ರಾಯದುರ್ಗ, ಮಡಕಶಿರಾ, ಹೊಸೂರಿನ ಯಾವ ಅಂಗಳಕ್ಕೂ ಸೈ. ಮೂರು ವರ್ಷ ನೀರು ಕೊಟ್ಟು ಸಾಕಿದರೆ ಆಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಮುತ್ತುಗ: ಮರಾಠಿಯಲ್ಲಿ ಪಳಸ, ತೆಲುಗಿನಲ್ಲಿ ಮೋದುಗ. ಎಲೆಯಿಲ್ಲದ ಕೊಂಬೆಗಳ ತುಂಬ ಬೆಂಕಿಯ ಬಣ್ಣದ ಹೂ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ನಾರಾಯಣಪೇಟೆ ಕಡೆಯ ಕಪ್ಪುಮಣ್ಣು, ಚೌಳುಮಣ್ಣನ್ನೂ ತಾಳುತ್ತದೆ. ಬೆಳವಣಿಗೆ ನಿಧಾನ, ತಾಳ್ಮೆ ಬೇಕು.

ಕಕ್ಕೆ: ಮಲಯಾಳದಲ್ಲಿ ಕಣಿಕ್ಕೊನ್ನ, ತಮಿಳಿನಲ್ಲಿ ಕೊನ್ರೈ, ಮರಾಠಿಯಲ್ಲಿ ಬಹಾವಾ, ತೆಲುಗಿನಲ್ಲಿ ರೇಲ. ಕೆಂಪಲ್ಲ, ಚಿನ್ನದ ಹಳದಿ. ಮರ ಚಿಕ್ಕದು, ಸೈಟಿನ ಮನೆಗೂ ಹೊಂದುತ್ತದೆ, ನಮ್ಮ ಹೆಚ್ಚಿನ ಊರುಗಳಲ್ಲೂ ಬೆಳೆಯುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ವಯನಾಡಿನಲ್ಲಿ ಮಞ್ಞಕ್ಕೊನ್ನ ಎಂದು ಕರೆಯುವ, ಅಂದಕ್ಕೆಂದು ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ವಿದೇಶಿ ಮರ ಈಗ ಅಲ್ಲಿನ ಕಾಡಿಗೆ ನುಗ್ಗಿ ಹುಲ್ಲು, ಸಣ್ಣ ಗಿಡಗಳು ಮೇಲೇಳದಂತೆ ಮಾಡಿದೆ. ಅದನ್ನು ತೆಗೆಸಲು ಅರಣ್ಯ ಇಲಾಖೆ ಹೆಣಗುತ್ತಿದೆ. ಹೆಸರು, ಬಣ್ಣ ಎರಡೂ ಹತ್ತಿರವಾದ್ದರಿಂದ ಮೋಸಹೋಗುವುದು ಸುಲಭ. ಕಕ್ಕೆಯ ಹೂಗೊಂಚಲು ಸರದಂತೆ ಕೆಳಕ್ಕೆ ಜೋತುಬೀಳುತ್ತದೆ, ಮಞ್ಞಕ್ಕೊನ್ನದ ಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ. ವಯನಾಡು, ಗೂಡಲೂರು, ತಾಳವಾಡಿಯ ಸದಸ್ಯರು ಇದನ್ನು ದಯವಿಟ್ಟು ಗಮನಿಸಬೇಕು.

ಯಾವ ಮರವಾದರೂ ನೆಡುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ನೋಡಿ. ತಂತಿಯ ಕೆಳಗೆ ಕಕ್ಕೆಯಂಥ ಚಿಕ್ಕ ಮರವೂ ಬೇಡ. ಹೊಂಗೆ, ಸಾಗಡೆಯಂಥ ಮರಗಳನ್ನು ಗೋಡೆಯಿಂದ ಕನಿಷ್ಠ 15 ಅಡಿ ದೂರದಲ್ಲಿ, ಬಾವಿಯಿಂದ ಅದಕ್ಕೂ ದೂರದಲ್ಲಿ ನೆಡಿ.

ಮಳೆಗಾಲಕ್ಕೆ ಮುನ್ನ ಗುಂಡಿ ತೆಗೆದು ಬಿಸಿಲಿಗೆ ಬಿಡುವ ಕೆಲಸವನ್ನು ಈಗಲೇ ಆರಂಭಿಸಬಹುದು. ನೀಲಗಿರಿಯಲ್ಲಿ ಈಗಾಗಲೇ ಮೇಪಲ್ ಬೆಳೆಸಿರುವ ಸದಸ್ಯರು ಯಾವ ತಳಿ, ಎಷ್ಟು ವರ್ಷದ್ದು, ಯಾವ ತಿಂಗಳಲ್ಲಿ ಬಣ್ಣ ಬರುತ್ತದೆ ಎಂಬುದನ್ನು ನಮಗೆ ಬರೆದು ತಿಳಿಸಿ. ಹಾಗೆಯೇ ಸಾಗಡೆ, ಹೊಳೆದಾಸವಾಳಗಳಿಗೆ ನಿಮ್ಮ ಊರಿನ ಕನ್ನಡದಲ್ಲಿ ಬೇರೆ ಹೆಸರಿದ್ದರೆ ಅದನ್ನೂ ಕಳಿಸಿ. ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಇಂಥ ಹೆಸರುಗಳನ್ನು ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರಿನೊಂದಿಗೆ ಪ್ರಕಟಿಸೋಣ.